ಹೊಲಿಗೆ ಓದುವ ಕಾಜಾ ಅಕ್ಕ

ಬೆಳಗಿನ ಆರು ಗಂಟೆ. ಹಳೆಯ ಮಂಜುಗಡ್ಡೆ ಕಾರ್ಖಾನೆಯ ಹಿಂದಿನ ಕೋಣೆಯಲ್ಲಿ ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹತ್ತಿಕೊಳ್ಳುತ್ತದೆ. ಅರವತ್ತೇಳು ವರ್ಷದ ಹೆಂಗಸೊಬ್ಬರು ರಬ್ಬರ್ ಏಪ್ರನ್ನಿನ ದಾರವನ್ನು ಬೆನ್ನ ಹಿಂದೆ ಗಂಟು ಹಾಕಿಕೊಂಡು, ತೊಟ್ಟಿಯ ನೀರಿಗೆ ಮೊಣಕೈ ಅದ್ದಿ ನೋಡುತ್ತಾರೆ. ಎಳೆಗೂಸಿಗೆ ಎರೆಯುವ ಮುಂಚೆ ತಾಯಂದಿರು ನೋಡುತ್ತಾರಲ್ಲ, ಹಾಗೆ. ನೀರು ಉಗುರುಬೆಚ್ಚಗಿದೆ. ಕಾಗದದ ಚೀಲದಿಂದ ಮಣ್ಣಿನ ಹೆಂಟೆಯಂಥದ್ದೇನನ್ನೋ ಎತ್ತಿ, ಜಾಲರಿ ತಳದ ತಟ್ಟೆಯ ಮೇಲಿಟ್ಟು, ಮೆಲ್ಲಗೆ ನೀರಿಗೆ ಇಳಿಸುತ್ತಾರೆ. ಸಾಬೂನಿಲ್ಲ, ಉಜ್ಜುವುದಿಲ್ಲ. ಮೆತ್ತನೆಯ ಬ್ರಷ್ಷೊಂದು ಆಗಾಗ ನೀರನ್ನು ಅಲುಗಿಸುತ್ತದೆ, ಅಷ್ಟೇ. ಹತ್ತು ನಿಮಿಷಕ್ಕೆ ಹೆಂಟೆ ಸಡಿಲವಾಗಿ ಮೊದಲು ಒಂದು ತೋಳು ಬಿಡಿಸಿಕೊಳ್ಳುತ್ತದೆ, ಆಮೇಲೆ ಕತ್ತುಪಟ್ಟಿ. ಇಪ್ಪತ್ತೈದು ವರ್ಷ ಮಣ್ಣಿನೊಳಗಿದ್ದ ಉಣ್ಣೆಯ ಸ್ವೆಟರು.

"ಹೂಂ, ಇನ್ನೊಂದು ಕೈನೂ ಬಿಡಪ್ಪ," ಎಂದು ಅವರು ಸ್ವೆಟರಿಗೆ ಹೇಳುತ್ತಾರೆ.

ನಾನು ಇನ್ನೂ ಹೊಸ್ತಿಲಲ್ಲೇ ನಿಂತಿದ್ದೇನೆ. ತಿರುಗಿದವರು ನನ್ನ ಮುಖ ನೋಡುವುದಿಲ್ಲ, ಅಂಗಿ ನೋಡುತ್ತಾರೆ.

"ಎರಡನೇ ಗುಂಡಿ ಹಾಕಿಕೊಟ್ಟಿದ್ದು ಯಾರು?"

"ನಮ್ಮಕ್ಕ."

"ಎಡಗೈಯವರು, ಅಲ್ವಾ? ದಾರ ಸುತ್ತಿರೋ ದಿಕ್ಕು ಉಲ್ಟಾ ಇದೆ. ಆಮೇಲೆ ನಿಮ್ಮಕ್ಕಂಗೆ ತಾಳ್ಮೆ ಸ್ವಲ್ಪ ಕಡಿಮೆ. ದಾರ ಕತ್ತರಿಸಿಲ್ಲ, ಹಲ್ಲಲ್ಲಿ ಕಚ್ಚಿದಾರೆ."

ಎರಡೂ ನಿಜ. ಐವತ್ತು ವರ್ಷದಿಂದ ನನ್ನಕ್ಕನನ್ನು ಬಲ್ಲ ನನಗೆ ಆ ಗುಂಡಿಯಲ್ಲಿ ಗುಂಡಿಯ ಹೊರತು ಬೇರೇನೂ ಕಂಡಿರಲಿಲ್ಲ. ಇದನ್ನು ಹೇಗೆ ಓದುತ್ತಾರೆ ಎಂದು ತಿಳಿಯುವ ಕುತೂಹಲದಿಂದಲೇ ಪತ್ರಿಕೆಗೆ ಬರೆಯಲೆಂದು ಒಂದು ದಿನಕ್ಕೆ ಬಂದ ನಾನು ನಾಲ್ಕು ದಿನ ಉಳಿದೆ.

ಊರಿನ ಬಾಯಲ್ಲಿ ಅವರು ಕಾಜಾ ಅಕ್ಕ. ಗುಂಡಿ ತೂರಿಸಲು ಬಟ್ಟೆಯಲ್ಲಿ ಮಾಡುವ ಕಂಡಿಗೆ ದರ್ಜಿಗಳು ಕಾಜಾ ಎನ್ನುತ್ತಾರೆ. ಅಪ್ಪನ ದರ್ಜಿ ಅಂಗಡಿಯಲ್ಲಿ ಏಳನೇ ವಯಸ್ಸಿಗೇ ಕಾಜಾ ಹೆಣೆಯಲು ಕೂತವರು, ಹೆಸರು ಹಾಗೇ ಅಂಟಿಕೊಂಡಿತು. ಈಗ ಅವರ ಕೆಲಸ ಈ ಕೇಂದ್ರದಲ್ಲಿ. ಯುದ್ಧದ ಕಾಲದಲ್ಲಿ ಕೊಲೆಯಾಗಿ ಗುಂಡಿಗಳಲ್ಲಿ ಹೂತುಹೋದವರನ್ನು ಒಬ್ಬೊಬ್ಬರನ್ನಾಗಿ ಹೊರತೆಗೆದು, ಇಂಥವರು ಎಂದು ಗುರುತಿಸಿ, ಮನೆಯವರಿಗೆ ಒಪ್ಪಿಸುವುದು ಕೇಂದ್ರದ ಹೊಣೆ. ಮೂಳೆಗಳು ಮುಂದಿನ ಹಜಾರದಲ್ಲಿ, 'ಮೂಳೆ ಡಾಕ್ಟರಮ್ಮ' ಎಂದು ಎಲ್ಲರೂ ಕರೆಯುವ ವೈದ್ಯೆಯ ಸುಪರ್ದಿಯಲ್ಲಿ. ಬಟ್ಟೆಗಳು ಇಲ್ಲಿ, ಅಕ್ಕನ ತೊಟ್ಟಿಯಲ್ಲಿ. ಅವರ ಗುರುತಿನ ಚೀಟಿಯಲ್ಲಿ 'ತೊಳೆಯುವ ಸಹಾಯಕಿ' ಎಂದಿದೆ. ಹತ್ತೊಂಬತ್ತು ವರ್ಷದಿಂದ ಹಾಗೇ ಇದೆ.

ದಿನಕ್ಕೆ ಮೂರು ಬಟ್ಟೆ, ಹೆಚ್ಚೆಂದರೆ ನಾಲ್ಕು. ತೊಳೆದದ್ದನ್ನು ಹಗ್ಗಕ್ಕೆ ಹಾಕುವಂತಿಲ್ಲ, ನೀರಿನ ಭಾರಕ್ಕೇ ಹರಿಯುತ್ತದೆ. ಜಾಲರಿಯ ಮೇಲೆ ಹಾಸಿ ನೆರಳಲ್ಲಿ ಆರಿಸಬೇಕು. ಆರಿದ ಮೇಲೆ ಫೋಟೋ, ಸಂಖ್ಯೆ, ಮತ್ತೆ ಕಾಗದದ ಚೀಲ. ಪ್ಲಾಸ್ಟಿಕ್ಕಾದರೆ ಬೂಷ್ಟು ಹಿಡಿಯುತ್ತದೆ. ಇದುವರೆಗೆ ಅವರ ಕೈದಾಟಿ ಹೋದ ಬಟ್ಟೆ ಆರು ಸಾವಿರದ ಒಂಬೈನೂರು ಚಿಲ್ಲರೆ. ಈ ಲೆಕ್ಕ ಕೊಟ್ಟದ್ದು ಡಾಕ್ಟರಮ್ಮ. ಅಕ್ಕನನ್ನು ಕೇಳಿದರೆ, "ಲೆಕ್ಕ ಇಟ್ರೆ ಕೈ ನಿಧಾನ ಆಗುತ್ತೆ," ಎಂದರು.

ಆಗ ಆದದ್ದನ್ನು ಚಿಕ್ಕದಾಗಿ ಹೇಳಬೇಕು. ಇಪ್ಪತ್ತಾರು ವರ್ಷದ ಹಿಂದೆ ಈ ಊರನ್ನು ಸೈನ್ಯವೊಂದು ಎಂಟು ತಿಂಗಳು ಮುತ್ತಿಗೆ ಹಾಕಿತ್ತು. ಊರು ಬಿದ್ದ ದಿನ ಸೈನಿಕರ ಕೈಯಲ್ಲಿ ಪಟ್ಟಿಯೊಂದಿತ್ತು. ಒಂದು ಜನಾಂಗಕ್ಕೆ ಸೇರಿದ ಮನೆಗಳ ಪಟ್ಟಿ. ಆ ಮನೆಗಳ ಹೆಂಗಸರು ಮಕ್ಕಳನ್ನು ಬಸ್ಸುಗಳಿಗೆ ತುಂಬಿ ಗಡಿಯಾಚೆ ಬಿಟ್ಟರು. ಗಂಡಸರನ್ನು, ಮೀಸೆ ಮೂಡದವರಿಂದ ಹಿಡಿದು ಊರುಗೋಲು ಹಿಡಿದವರವರೆಗೆ, ಲಾರಿಗಳಿಗೆ ಹತ್ತಿಸಿದರು. ಹತ್ತಿದವರು ಸಾವಿರದ ನಾನೂರ ಹನ್ನೆರಡು ಮಂದಿ. ಲಾರಿಯಿಂದ ಹಾರಿ ಬದುಕಿದವರು ಇಬ್ಬರು. ಆರು ತಿಂಗಳಾದ ಮೇಲೆ, ಜಗತ್ತು ಕೇಳಲು ಶುರುಮಾಡಿದಾಗ, ಗುರುತು ಸಿಗಬಾರದೆಂದು ಯಂತ್ರ ತಂದು ಗುಂಡಿಗಳನ್ನು ಅಗೆದು, ಇದ್ದದ್ದನ್ನು ಬೇರೆ ಬೇರೆ ಕಡೆ ಸಾಗಿಸಿ ಹೂತರು. ಒಬ್ಬ ಮನುಷ್ಯ ಮೂರು ಜಾಗದಲ್ಲಿ ಸಿಕ್ಕಿದ್ದೂ ಉಂಟು.

ಪಟ್ಟಿಯಲ್ಲಿ ಅಕ್ಕನ ಮನೆಯೂ ಇತ್ತು. ಅವರಿಗೆ ಆಗ ನಲವತ್ತೊಂದು.

"ನಮ್ಮೋರು ಬಸ್ ಡ್ರೈವರ್ರು. ಹದಿನೈದು ವರ್ಷ ಒಂದೇ ರೂಟು, ಒಂದೇ ಬಸ್ಸು," ಎನ್ನುತ್ತಾರೆ ಅಕ್ಕ, ಸ್ವೆಟರಿನ ಮಡಿಕೆಯಿಂದ ಬೇರಿನ ಎಳೆಯೊಂದನ್ನು ಚಿಮಟದಲ್ಲಿ ಬಿಡಿಸುತ್ತಾ. "ನನ್ನ ಕೂರಿಸಿದ್ದು ಅದೇ ಬಸ್ಸಲ್ಲಿ ನೋಡು. ಡ್ರೈವರ್ ಸೀಟಿಗೆ ನಾನೇ ಹೊಲಿದಿದ್ದ ದಿಂಬು ಹಾಗೇ ಇತ್ತು. ಕೂತೋನು ಮಾತ್ರ ಬೇರೆ."

ಅಷ್ಟು ಹೊತ್ತಿಗೆ ನನ್ನ ಮೇಲಿನ ಬಹುವಚನ ಕಳಚಿಬಿದ್ದಿತ್ತು. ನಾಲ್ಕೂ ದಿನ ನಾನು 'ನೀನು'.

ಏಳು ವರ್ಷ ಪರವೂರಿನ ನಿರಾಶ್ರಿತರ ವಸತಿಯಲ್ಲಿ, ಆಸ್ಪತ್ರೆಯ ಬೆಡ್‌ಶೀಟುಗಳ ಅಂಚು ಹೊಲಿಯುತ್ತಾ ಕಳೆದರು. ಯುದ್ಧ ಮುಗಿದು ದಾರಿ ತೆರೆದಾಗ ವಾಪಸು ಬಂದರು. ಅಂಗಡಿ ಸುಟ್ಟಿತ್ತು. ಇಡೀ ಊರಿನ ಅಳತೆ ಬರೆದಿಟ್ಟಿದ್ದ ಅಪ್ಪನ ಕಾಲದ ಪುಸ್ತಕಗಳು ಅದರ ಜೊತೆಗೇ ಹೋಗಿದ್ದವು. ಅದೇ ತಿಂಗಳು ಶಾಲೆಯ ಆಟದ ಹಜಾರದಲ್ಲಿ ಮೊದಲ ಗುಂಡಿಯ ಬಟ್ಟೆಗಳನ್ನು ನೆಲಕ್ಕೆ ಹಾಸಿ, ಮನೆಯವರು ಬಂದು ನೋಡಬಹುದು ಎಂದು ಸಾರಿದ್ದರು. ಅಕ್ಕನೂ ಸರತಿಯಲ್ಲಿ ನಿಂತರು, ಗಂಡನನ್ನು ಹುಡುಕಲು.

"ಮೂರನೇ ಸಾಲಲ್ಲಿ ಒಂದು ಬೂದಿ ಬಣ್ಣದ ಪ್ಯಾಂಟು. ನೋಡ್ದೆ. ಮುಂದೆ ಹೋದೆ. ಕಾಲು ಹೋಗ್ಲಿಲ್ಲ. ವಾಪಸ್ ಬಂದು ಬಗ್ಗಿ ಸೊಂಟದ ಪಟ್ಟಿ ತಿರುವಿದೆ. 'ಇದು ನಂದು' ಅಂದೆ. ಡಾಕ್ಟರಮ್ಮ ಓಡಿ ಬಂದ್ರು, 'ನಿಮ್ಮ ಗಂಡನದಾ?' ಅಂತ. 'ಅಲ್ಲ ಕಣಮ್ಮ, ಹೊಲಿಗೆ ನಂದು. ಪ್ಯಾಂಟು ಔಷಧಿ ಅಂಗಡಿಯವರದು' ಅಂದೆ."

ಆ ದಿನ ಸಂಜೆಯೊಳಗೆ ಅವರು ಹದಿನೇಳು ಬಟ್ಟೆಗಳಿಗೆ ಹೆಸರು ಹೇಳಿದ್ದರು. ಗಂಡನದು ಅದರಲ್ಲಿರಲಿಲ್ಲ. ಡಾಕ್ಟರಮ್ಮ ಬಾಗಿಲವರೆಗೆ ಬಂದು, "ನಾಳೆನೂ ಬರ್ತೀರಾ?" ಎಂದು ಕೇಳಿದರು. ಆ ನಾಳೆ ಇನ್ನೂ ನಡೆಯುತ್ತಿದೆ.

ರಕ್ತ ಪರೀಕ್ಷೆ ಬಂದ ಮೇಲೆ ಬಟ್ಟೆ ಯಾಕೆ ಬೇಕು ಎಂದು ನಾನು ಡಾಕ್ಟರಮ್ಮನನ್ನು ಕೇಳಿದೆ. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡು ಆಕೆ ವಿವರಿಸಿದರು. ಮೂಳೆಯ ಜೊತೆ ಹೋಲಿಸಿ ನೋಡಲು ಬದುಕಿರುವ ರಕ್ತಸಂಬಂಧಿಯ ರಕ್ತ ಬೇಕು. "ಅಪ್ಪ, ಮಕ್ಕಳು, ಅಣ್ಣತಮ್ಮಂದಿರು ಎಲ್ಲಾ ಒಂದೇ ಲಾರೀಲಿ ಹೋಗಿದ್ರೆ ನಾನು ಯಾರ ರಕ್ತ ತಗೊಳ್ಲಿ? ಅಂಥ ಮನೆಗಳು ಇಲ್ಲಿ ನೂರಾರು. ಅಲ್ಲಿ ನನ್ನ ಯಂತ್ರ ಕೈಚೆಲ್ಲಿ ಕೂರುತ್ತೆ. ಆಗ ನಾನು ಹಿಂದಿನ ಕೋಣೆಗೆ ಹೋಗಿ 'ಅಕ್ಕಾ' ಅಂತೀನಿ."

ಮಧ್ಯಾಹ್ನ ಅಕ್ಕ ನನಗೆ ಪಾಠ ಮಾಡುತ್ತಾರೆ. ಮೇಜಿನ ಮೇಲೆ ಆರಿದ ಪ್ಯಾಂಟೊಂದಿದೆ. ಹಿಂಬದಿಯ ಹೊಲಿಗೆಯನ್ನು ಭೂತಗನ್ನಡಿಯ ಕೆಳಗೆ ಹಿಡಿಯುತ್ತಾರೆ. ಅಪ್ಪನ ಅಂಗಡಿಯಲ್ಲಿ ಹಿಂದೆ ಎರಡು ಬೆರಳಷ್ಟು ಬಟ್ಟೆ ಹೆಚ್ಚಿಗೆ ಬಿಡುತ್ತಿದ್ದರಂತೆ. ಹೊಟ್ಟೆ ಬೆಳೆದರೆ ಬಿಚ್ಚಿ ಹಿಗ್ಗಿಸಬಹುದು. ಬಿಚ್ಚಿದ ಹೊಲಿಗೆಯ ಸೂಜಿತೂತುಗಳು ಮಾತ್ರ ಸಾಲಾಗಿ ಉಳಿಯುತ್ತವೆ.

"ಎಣಿಸು. ಒಂದು, ಎರಡು, ಮೂರು. ಈ ಮಹಾನುಭಾವ ಮೂರು ಸಲ ದಪ್ಪ ಆಗಿದಾನೆ. ಮದುವೆ ಆದಾಗ ಒಂದ್ಸಲ, ಸಿಗರೇಟು ಬಿಟ್ಟಾಗ ಒಂದ್ಸಲ, ಬಡ್ತಿ ಸಿಕ್ಕಾಗ ಒಂದ್ಸಲ. ಊರಿನ ಗಂಡಸರ ಹೊಟ್ಟೆ ಚರಿತ್ರೆ ಅವರ ಹೆಂಡತೀರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು. ಹೇಳಿದ್ರೆ ಎಷ್ಟು ಸಂಸಾರ ಒಡೀತಿತ್ತೋ!" ಎಂದು ನಗುತ್ತಾರೆ. ಆಮೇಲೆ ಬೆರಳು ಒಳಗೆ ಸರಿಯುತ್ತದೆ. ಎಲ್ಲಾ ಸಾಲುಗಳಿಗಿಂತ ಒಳಗೆ, ನಾಲ್ಕು ಬೆರಳು ಒಳಗೆ, ಇನ್ನೊಂದು ಹೊಲಿಗೆ. ಇದು ಬಿಚ್ಚಿಲ್ಲ.

"ಇದು ಮುತ್ತಿಗೆ ವರ್ಷದ್ದು. ಊಟ ಇರ್ಲಿಲ್ಲ. ಆ ಎಂಟು ತಿಂಗಳು ಹೊಸ ಬಟ್ಟೆ ಒಂದೂ ಹೊಲೀಲಿಲ್ಲ ನಾನು. ಎಲ್ಲರದ್ದೂ ಸೊಂಟ ಒಳಗೆ ಹಿಡಿಯೋದೇ ಕೆಲಸ. ಊರೇ ಸಣ್ಣ ಆಗ್ತಾ ಇತ್ತು, ನನ್ನ ಸೂಜಿಗೆ ಗೊತ್ತಾಗ್ತಾ ಇತ್ತು."

ಹೀಗೆ ಓದಲು ಬರುವುದು ಅವರ ಹೊಲಿಗೆ ಮಾತ್ರವಲ್ಲ. ಗುಂಡಿಯ ಬುಡಕ್ಕೆ ಅವರಪ್ಪ ನಾಲ್ಕು ಸುತ್ತು ದಾರ ಸುತ್ತುತ್ತಿದ್ದರು, ಇವರು ಐದು. ಅಷ್ಟರಿಂದಲೇ ಬಟ್ಟೆಯ ವಯಸ್ಸು ಅಂದಾಜಾಗುತ್ತದೆ. ಇನ್ನು ಮನೆಗಳ ತೇಪೆಗಳು. ಪ್ರತಿ ಮನೆಯ ತೇಪೆಗೂ ಒಂದೊಂದು ಕೈಬರಹವಂತೆ. ಹಾಲಿನ ಡೈರಿಯವನ ಹೆಂಡತಿಯದು ಇರುವೆ ಸಾಲಿನಷ್ಟು ಸಣ್ಣ ಹೊಲಿಗೆ. ಲೆಕ್ಕದ ಮೇಷ್ಟರ ತಾಯಿಯದು, "ಅಯ್ಯೋ, ಗೋಣಿಚೀಲ ಹೊಲಿದ ಹಾಗೆ. ಆದ್ರೆ ಗಟ್ಟಿ. ಬಟ್ಟೆ ಮಣ್ಣಾದ್ರೂ ಆಯಮ್ಮನ ತೇಪೆ ಹಾಗೇ ಬಂತು. ಅದರಿಂದಾನೇ ಮೇಷ್ಟ್ರು ಸಿಕ್ಕಿದ್ದು."

ಎರಡನೆಯ ದಿನ ಬೆಳಿಗ್ಗೆ ಇಬ್ಬರು ಅಕ್ಕತಂಗಿಯರು ಬಂದರು. ಇಬ್ಬರಿಗೂ ಅರವತ್ತು ದಾಟಿದೆ. ಬಸ್ಸಿಗೆ ಹತ್ತಿ ಬದುಕಿದವರು. ಹೊಸ ಗುಂಡಿಯಿಂದ ಮೂಳೆಗಳಿಲ್ಲದೆ ಬಿಡಿಯಾಗಿ ಬಂದ ಸ್ವೆಟರೊಂದು ತಮ್ಮನದಿರಬಹುದೇ ಎಂದು ನೋಡಬೇಕಿತ್ತು. ಕಾಜಾ ಅಕ್ಕನದೊಂದು ಕಟ್ಟುನಿಟ್ಟು. ಬಂದವರು ಮೊದಲು ವಿವರ ಹೇಳಬೇಕು, ಚೀಲ ಬಿಚ್ಚುವುದು ಆಮೇಲೆ. ಕಣ್ಣಿಗೆ ಬಿದ್ದ ಮೇಲೆ ನೆನಪು ಕಂಡದ್ದಕ್ಕೇ ಹೊಂದಿಕೊಂಡುಬಿಡುತ್ತದೆ ಎನ್ನುವುದು ಅವರ ಅನುಭವ.

"ಹಸಿರು," ಎಂದರು ದೊಡ್ಡವರು.

"ನೀಲಿ ಕಣೇ. ನಾನೇ ಹೆಣೆದಿದ್ದು," ಎಂದರು ಚಿಕ್ಕವರು.

"ನೀನು ಹೆಣೆದಿದ್ದು ಅವನಿಗೆ ಇಷ್ಟಾನೇ ಆಗ್ತಿರ್ಲಿಲ್ಲ. ಅವತ್ತು ಹಾಕಿದ್ದು ನಾನು ಹೆಣೆದಿದ್ದು."

ಆ ಇಕ್ಕಟ್ಟಿನ ಕೋಣೆಯಲ್ಲಿ ಇಬ್ಬರೂ ಚಿಕ್ಕಹುಡುಗಿಯರ ಹಾಗೆ ಕಾಲು ಗಂಟೆ ಜಗಳವಾಡಿದರು. ಅಕ್ಕ ತಡೆಯಲಿಲ್ಲ. ಸ್ಟೂಲು ಎಳೆದುಕೊಂಡು ಕೂತು ಕೇಳಿದರು. ಕಡೆಗೆ ಚೀಲ ಬಿಚ್ಚಿದಾಗ ಅದು ಹಸಿರೂ ಅಲ್ಲ, ನೀಲಿಯೂ ಅಲ್ಲ. ಕಂದು. ಹೋಗುವಾಗ ಚಿಕ್ಕವರು ಅಕ್ಕನ ಕೈ ಹಿಡಿದು, "ಇನ್ನೊಂದು ತಿಂಗಳು ಬಿಟ್ಟು ಬರ್ಲಾ?" ಎಂದರು.

"ಬನ್ನಿ. ಕೆಲಸ ಇಲ್ದಿದ್ರೂ ಬನ್ನಿ," ಎಂದರು ಅಕ್ಕ. ಅವರು ಹೋದ ಮೇಲೆ ನನ್ನತ್ತ ತಿರುಗಿ, "ಹೌದು ಅಂದ್ರೂ ಅಳ್ತಾರೆ, ಅಲ್ಲ ಅಂದ್ರೂ ಅಳ್ತಾರೆ. ನನಗೆ ಸುಳ್ಳು ಹೇಳೋ ಆಸೆ ಆಗುತ್ತೆ ಒಂದೊಂದ್ಸಲ, ನಿಜವಾಗ್ಲೂ," ಎಂದರು.

ಸುಳ್ಳು ಹೇಳಲಿಲ್ಲ. ಆದರೆ ಒಮ್ಮೆ ತಪ್ಪು ಹೇಳಿದ್ದಾರೆ. ಅದನ್ನು ಅವರೇ ಎತ್ತಿದರು, ನಾನು ಕೇಳುವ ಮೊದಲೇ.

ಕೆಲಸಕ್ಕೆ ಸೇರಿದ ಮೂರನೇ ವರ್ಷ. ತೊಟ್ಟಿಯಲ್ಲಿ ಉಣ್ಣೆಯ ಕೋಟೊಂದು ಬಿಚ್ಚಿಕೊಂಡಿತು. ಮೇಲ್ಜೇಬು ಬಲಕ್ಕೆ. ಕೋಟಿಗೆ ಮೇಲ್ಜೇಬು ಇರುವುದು ಎಡಕ್ಕೆ. ಊರಿಗೆಲ್ಲ ಬಲಜೇಬಿನ ಕೋಟು ಒಂದೇ ಒಂದು. ಪೋಸ್ಟ್ ಮಾಸ್ತರರದು. ಬಣ್ಣ ಮಾಸಿತೆಂದು ಅವರು ತಂದುಕೊಟ್ಟಿದ್ದ ಕೋಟನ್ನು ಅಕ್ಕ ಪೂರಾ ಬಿಚ್ಚಿ, ಬಟ್ಟೆಯ ಒಳಮೈ ಹೊರಗೆ ಬರುವಂತೆ ತಿರುವಿ ಹೊಲಿದಿದ್ದರು. ಹೊಸದರಂತಾಯಿತು. ಜೇಬು ಮಾತ್ರ ಆಚೆ ಬದಿಗೆ ಹೋಯಿತು. ಮಾಸ್ತರರು ಬಲಜೇಬಿಗೆ ಪೆನ್ನು ಸಿಕ್ಕಿಸಿಕೊಂಡು ಊರೆಲ್ಲ ತಿರುಗಿ, "ನಮ್ಮ ಕಾಜಾ ಅಕ್ಕ ನನ್ನ ಹೃದಯಾನೇ ಬಲಕ್ಕೆ ತಿರುಗಿಸಿದಳು," ಎಂದು ನಗಿಸುತ್ತಿದ್ದರಂತೆ.

"ಇದರಲ್ಲಿ ಸಂಶಯಕ್ಕೆ ಎಡೆ ಎಲ್ಲಿ? ಎದೆ ತಟ್ಟಿ ಹೇಳ್ದೆ, ಪೋಸ್ಟ್ ಮಾಸ್ಟ್ರೇ ಅಂತ. ಆ ಕೋಟೊಳಗಿದ್ದ ಮೂಳೆಗಳನ್ನ ಅವರ ಹೆಂಡತಿ, ಮಗಳು ತಗೊಂಡು ಹೋಗಿ ಮಣ್ಣು ಮಾಡಿದ್ರು. ನಾನೂ ಹೋಗಿದ್ದೆ."

ಎರಡು ವರ್ಷದ ನಂತರ ರಕ್ತ ಪರೀಕ್ಷೆ ಬಂತು. ಹಳೆಯ ಗುರುತುಗಳನ್ನೆಲ್ಲ ಮತ್ತೊಮ್ಮೆ ಪರೀಕ್ಷಿಸಿದಾಗ ಮಾಸ್ತರರ ಮಗಳ ರಕ್ತ ಆ ಮೂಳೆಗೆ ಹೊಂದಲಿಲ್ಲ. ಹೊಂದಿದ್ದು ಗಡಿಯಾರ ರಿಪೇರಿಯವನ ತಮ್ಮನ ರಕ್ತ; ಮುತ್ತಿಗೆಗೆ ಮೊದಲೇ ಊರು ಬಿಟ್ಟು ಉಳಿದುಕೊಂಡವನು ಈ ತಮ್ಮ. ಒಬ್ಬನ ಕೋಟಿನಲ್ಲಿ ಇನ್ನೊಬ್ಬ. ಡಾಕ್ಟರಮ್ಮ ಪರದೇಶದಲ್ಲಿ ನೆಲೆಸಿದ್ದವನೊಬ್ಬನಿಗೆ ಫೋನು ಮಾಡಿದರು. ಲಾರಿಯಿಂದ ಹಾರಿ ಬದುಕಿದ ಇಬ್ಬರಲ್ಲಿ ಒಬ್ಬನಾತ. ಅವನು ಹೇಳಿದ್ದಿಷ್ಟು. ಲಾರಿಗೆ ಹತ್ತಿಸುವ ಮುನ್ನ ಗಂಡಸರನ್ನು ಎರಡು ರಾತ್ರಿ ಗೋದಾಮಿನಲ್ಲಿ ಕೂಡಿಹಾಕಿದ್ದರು. ಗಡಿಯಾರದವನಿಗೆ ಜ್ವರ ಏರಿ ಹಲ್ಲು ಕಟಕಟ ಎನ್ನುತ್ತಿತ್ತು. ಪೋಸ್ಟ್ ಮಾಸ್ತರರು ಕೋಟು ಬಿಚ್ಚಿ ಅವನಿಗೆ ತೊಡಿಸಿದರು. ಅವನು ಬೇಡ ಬೇಡ ಎಂದಾಗ, "ಇಟ್ಕೊಳಯ್ಯ, ನಾಳೆ ಕೊಡು," ಎಂದರು.

ಮಾಸ್ತರರ ಹೆಂಡತಿಗೆ ಈ ಸಂಗತಿ ತಿಳಿಸುವುದು ಕಚೇರಿಯ ಕೆಲಸ. ಅದಕ್ಕೆಂದು ಒಂದು ಪತ್ರವೂ ತಯಾರಾಗಿತ್ತು. ಅಕ್ಕ ಪತ್ರ ಕಳಿಸಲು ಬಿಡಲಿಲ್ಲ. ತಾವೇ ಹೋದರು.

"ಬಾಗಿಲು ತೆಗೆದ್ರು. ಒಳಗೂ ಹೋಗ್ಲಿಲ್ಲ ನಾನು, ಅಲ್ಲೇ ನಿಂತು ಹೇಳ್ಬಿಟ್ಟೆ. 'ತಪ್ಪಾಯ್ತು. ನೀವು ಮಣ್ಣು ಮಾಡಿದ್ದು ಅವರನ್ನಲ್ಲ.' ಉಗೀತಾರೆ, ಹೊಡೀತಾರೆ, ಏನಾದ್ರೂ ಮಾಡ್ಲಿ ಅಂತಾನೇ ಹೋಗಿದ್ದೆ. ಆಯಮ್ಮ ಎಲ್ಲಾ ಕೇಳಿಸ್ಕೊಂಡ್ರು. 'ಕೋಟು ಕೊಟ್ಟು ಬಿಟ್ರಾ?' ಅಂದ್ರು. ಆಮೇಲೆ ನಗು ಬಂತು ಅವರಿಗೆ. 'ಅವರು ಹಾಗೇ. ನನ್ನ ಛತ್ರಿನೂ ಯಾರಿಗೋ ಕೊಟ್ಟು ಬಂದಿದ್ರು, ಇವತ್ತಿಗೂ ಯಾರಿಗೆ ಅಂತ ಹೇಳಿಲ್ಲ' ಅಂದ್ರು. ನಕ್ಕು ನಕ್ಕು ಗೋಡೆ ಹಿಡ್ಕೊಂಡು ಕೂತ್ರು. ಕೂತ ಮೇಲೆ ಅತ್ತಿದ್ದು."

ಗೋರಿ ತೆರೆಯಬೇಕಾಯಿತು. ಗಡಿಯಾರದವನ ತಮ್ಮ ಬಂದ. ಅಣ್ಣನನ್ನು ಆ ಕೋಟಿನ ಸಮೇತವೇ ಕೊಂಡೊಯ್ಯಬಹುದೇ ಎಂದು ಕೇಳಲು ಅವನಿಗೆ ಬಾಯಿ ಬರಲಿಲ್ಲ. ಮಾಸ್ತರರ ಹೆಂಡತಿಗೆ ಅರ್ಥವಾಯಿತು. "ನಾಳೆ ಕೊಡು ಅಂದಿದ್ರಂತಲ್ಲ. ನಾಳೆ ಇನ್ನೂ ಬಂದಿಲ್ಲ. ಇರ್ಲಿ, ಅವನ ಹತ್ರಾನೇ ಇರ್ಲಿ," ಎಂದರು. ನಾಲ್ಕು ವರ್ಷದ ಮೇಲೆ ಬೇರೊಂದು ಗುಂಡಿಯಲ್ಲಿ ಮಾಸ್ತರರು ಸಿಕ್ಕರು. ಬರಿಯ ಅಂಗಿಯಲ್ಲಿ.

"ಅವತ್ತಿಂದ ಒಂದು ನಿಯಮ ಮಾಡ್ಕೊಂಡಿದೀನಿ. ಬಟ್ಟೆ ಯಾರದ್ದು ಅಂತ ಹೇಳ್ತೀನಿ. ಒಳಗಿದ್ದೋರು ಯಾರು ಅಂತ ಹೇಳಲ್ಲ. ಅದು ಡಾಕ್ಟರಮ್ಮನ ಕೆಲಸ, ಬೇರೆ ನಾಲ್ಕು ಸಾಕ್ಷಿ ನೋಡಿ ಅವರು ಹೇಳ್ಬೇಕು."

ಕೆಲಸ ಮೈಮೇಲೆ ಗುರುತು ಬಿಟ್ಟಿದೆ. ಸದಾ ನೀರಲ್ಲಿರುವ ಬೆರಳುಗಳ ಸಂದಿನಲ್ಲಿ ಸೀಳು, ಎಡಗಣ್ಣಿಗೆ ಪೊರೆ. ಅವರ ಜೊತೆಗಿರುವ, ಅವರ ಒಡಹುಟ್ಟಿದ ಅಕ್ಕನ ಮಗಳು ಆಸ್ಪತ್ರೆಯಲ್ಲಿ ನರ್ಸು. ಸಂಜೆ ಚಿಕ್ಕಮ್ಮನ ಕೈಗೆ ಮುಲಾಮು ಹಚ್ಚುತ್ತಾ, "ಕಣ್ಣು ಆಪರೇಷನ್ ಮಾಡಿಸ್ಕೊ ಅಂತ ಒಂದು ವರ್ಷದಿಂದ ಹೇಳ್ತಿದೀನಿ ಸಾರ್. ತಾರೀಕು ತಗೋತೀನಿ, ಅಷ್ಟರಲ್ಲಿ ಹೊಸ ಚೀಲ ಬಂತು ಅಂತಾಳೆ. ನೀವಾದ್ರೂ ಬರೀರಿ," ಎಂದು ನನ್ನ ಬಳಿ ದೂರಿದಳು. ಬರೆದಿದ್ದೇನೆ. ಊರಲ್ಲಿ ಎಲ್ಲರೂ ಇವರನ್ನು ತಲೆಮೇಲೆ ಹೊತ್ತಿದ್ದಾರೆಂದೂ ಅಲ್ಲ. ಲಾರಿ ಹತ್ತಿಸಿದವರ ಕಡೆಯವರೂ ಇದೇ ಊರಲ್ಲಿದ್ದಾರೆ. ಬ್ರೆಡ್ಡಿನ ಅಂಗಡಿಯ ಸಾಲಲ್ಲಿ ಅಕ್ಕನ ಹಿಂದೆ ನಿಂತವನೊಬ್ಬ, "ಎಲ್ಲಿಂದಲೋ ಹಳೇ ಬಟ್ಟೆ ತಂದು ನಾಟಕ ಆಡ್ತಾರೆ," ಎಂದು ಕೇಳುವ ಹಾಗೆ ಹೇಳಿದನಂತೆ. ಅಕ್ಕ ತಿರುಗಿ, "ನಿನ್ನ ಕಾಲರು ಹಿಂದೆ ಹರಿದಿದೆ, ಮನೇಲಿ ಹೇಳು," ಎಂದು ಬ್ರೆಡ್ಡು ತೆಗೆದುಕೊಂಡು ಬಂದರು.

ಗಂಡನ ಮಾತು ಕೇಳಲು ನನಗೆ ಮೂರನೇ ದಿನದವರೆಗೂ ಧೈರ್ಯವಾಗಲಿಲ್ಲ. ಇಡೀ ಊರಿನ ಹೊಲಿಗೆ ಓದುವವರು ತಮ್ಮವರ ಬಟ್ಟೆಯನ್ನು ಗುರುತಿಸಲಾರರೇ?

"ಗುರುತು ಏನಿದೆ ಹೇಳು? ಊರಿಗೆಲ್ಲ ಹೊಲಿದವಳು, ಗಂಡನಿಗೆ ಒಂದು ಅಂಗಿ ಹೊಲಿಯೋಕೆ ಪುರುಸೊತ್ತಿರ್ಲಿಲ್ಲ ನನಗೆ. ಅವರು ಹಾಕ್ತಿದ್ದಿದ್ದು ಬಸ್ ಕಂಪನಿಯ ನೀಲಿ ಅಂಗಿ. ರೆಡಿಮೇಡು. ಸಾವಿರಾರು ಜನ ಹಾಕ್ತಿದ್ರು ಅದನ್ನ. ಅದರಲ್ಲಿ ನಂದು ಅನ್ನೋ ಒಂದು ಎಳೆ ದಾರ ಇಲ್ಲ." ಏಪ್ರನ್ನಿನ ಅಂಚಿನಿಂದ ಕೈ ಒರೆಸಿಕೊಂಡರು. "ಜೇಬಿನ ಮೂಲೆ ಕಿತ್ತೋಗಿತ್ತು. ಎರಡು ವಾರದಿಂದ ಹೇಳ್ತಾನೇ ಇದ್ರು, 'ಒಂದು ಹೊಲಿಗೆ ಹಾಕ್ಕೊಡೆ, ಚಿಲ್ಲರೆ ಬೀಳುತ್ತೆ' ಅಂತ. ನಾಳೆ ನಾಳೆ ಅಂದೆ. ಹಾಕಿಕೊಟ್ಟಿದ್ರೆ ಐದು ಸುತ್ತಿನ ಗಂಟು ಇರ್ತಿತ್ತು ಅಲ್ಲಿ, ಕಣ್ಣುಮುಚ್ಚಿಕೊಂಡು ಹೇಳ್ತಿದ್ದೆ. ಈಗ ಹರಿದ ಜೇಬು ಹುಡುಕ್ತೀನಿ. ಮಣ್ಣಲ್ಲಿದ್ದ ಬಟ್ಟೇಲಿ ಹರಿದಿಲ್ಲದ ಜೇಬು ಯಾವುದಿದೆ?"

ಅವರಿಗೆ ಮಕ್ಕಳಿಲ್ಲ. ಗಂಡನ ಇಬ್ಬರು ತಮ್ಮಂದಿರೂ ಅದೇ ಲಾರಿಯಲ್ಲಿ ಹೋದರು. ಹೋಲಿಸಲು ರಕ್ತವೂ ಇಲ್ಲ. ಇಲ್ಲಿಯವರೆಗೆ ಬಂದ ಬಸ್ ಕಂಪನಿಯ ಅಂಗಿಗಳು ಒಂಬತ್ತು. ಒಂಬತ್ತನ್ನೂ ಅಕ್ಕನೇ ತೊಳೆದದ್ದು.

"ಅವುಗಳಲ್ಲಿ ಒಂದು ಅವರದೇ ಇರಬಹುದು. ಇದ್ರೆ, ನಾನೇ ತೊಳೆದಿದೀನಿ ಅಲ್ವಾ? ಅಷ್ಟಾದ್ರೂ ಆಯ್ತು," ಎಂದವರು, ನನ್ನ ಮುಖ ನೋಡಿ, "ಟೀ ಕುಡಿ, ಆರೋಗುತ್ತೆ," ಎಂದರು.

ಪಟ್ಟಿಯಲ್ಲಿ ಇನ್ನೂ ಸಿಗದವರು ಮುನ್ನೂರ ನಲವತ್ತೊಂದು. ಏಳು ವರ್ಷದಿಂದ ಹೊಸ ಗುಂಡಿ ಒಂದೂ ಪತ್ತೆಯಾಗಿರಲಿಲ್ಲ. ಕೇಂದ್ರವನ್ನು ಮುಚ್ಚುವ ಮಾತೂ ಎದ್ದಿತ್ತು. ಹೋದ ವರ್ಷ ಒಂದು ಗುಂಡಿ ಸಿಕ್ಕಿತು, ಐವತ್ತೆಂಟು ಮಂದಿಯದು. ನಾನು ಮೊದಲ ದಿನ ನೋಡಿದ ಸ್ವೆಟರು ಅಲ್ಲಿಯದೇ. ಅದು ಹೇಗೆ ಸಿಕ್ಕಿತು ಎಂದು ಡಾಕ್ಟರಮ್ಮನನ್ನು ಕೇಳಿದರೆ, "ಮಾಹಿತಿ ಬಂತು," ಎಂದಷ್ಟೇ ಹೇಳಿ ಹಿಂದಿನ ಕೋಣೆಯತ್ತ ನೋಡಿದರು.

ಹಿಂದಿನ ಕೋಣೆಯವರು ಹೇಳಿದ್ದು ಇದು.

ಅಕ್ಕ ಭಾನುವಾರ ಮನೆಯಲ್ಲಿ ಸಣ್ಣಪುಟ್ಟ ಹೊಲಿಗೆ ಮಾಡಿಕೊಡುತ್ತಾರೆ. ಒಂದು ಭಾನುವಾರ ಮಧ್ಯಾಹ್ನ, ನದಿಯಾಚೆಯ ಬಡಾವಣೆಯವನೊಬ್ಬ ಬಂದ. ಅರವತ್ತು ದಾಟಿದವನು, ದಪ್ಪ ಮಣಿಕಟ್ಟು. ಚೀಲದಲ್ಲಿ ತಂದಿದ್ದ ಪ್ಯಾಂಟು ತೊಟ್ಟು ತೋರಿಸಿ, ಉದ್ದವಾಯಿತು, ಎರಡಿಂಚು ಕಡಿಮೆ ಮಾಡಿಕೊಡಿ ಎಂದ. ಅಕ್ಕ ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿಕೊಂಡು, ಅವನ ಕಾಲಬಳಿ ಕೂತರು.

"ಸೂಜಿ ಚುಚ್ತಾ ಇದೀನಿ. ಮೇಲಿಂದ ಮಾತು ಬಂತು. 'ನಾನು ಆವಾಗ ಮಣ್ಣು ಅಗೆಯೋ ಯಂತ್ರ ಓಡಿಸ್ತಿದ್ದೆ' ಅಂದ. ನನ್ನ ಬಾಯಲ್ಲಿ ಆರು ಸೂಜಿ. ಇನ್ನೊಂದು ಸೂಜಿ ತೆಗೆದು ಮಡಿಕೆಗೆ ಚುಚ್ಚಿದೆ. 'ಇಟ್ಟಿಗೆ ಗೂಡಿನ ಹಿಂದೆ. ಹುಡುಕೋಕೆ ಬಂದೋರೆಲ್ಲಾ ಎರಡನೇ ದಿಬ್ಬ ಅಗೆದ್ರು. ಅಲ್ಲ. ಮೂರನೇದು' ಅಂದ. ಸೂಜಿ ಉಗಿದೆ. 'ಎಷ್ಟು ಜನ?' ಅಂತ ಕೇಳ್ದೆ. 'ಎಣಿಸ್ಲಿಲ್ಲ' ಅಂದ. ಅವನ ಕೆಳಗೆ ಸ್ಟೂಲು ಕಟಕಟ ಅಂತಿತ್ತು. 'ಸರಿ, ತಿರುಗು, ಹಿಂದಿನ ಕಡೆ ನೋಡ್ಬೇಕು' ಅಂದೆ."

"ಸಿಟ್ಟು ಬರಲಿಲ್ಲವೇ ಅಕ್ಕ?"

"ಬರದೇ ಇರುತ್ತಾ? ಕೈಯಲ್ಲಿ ಸೂಜಿ ಇತ್ತು ಕಣಪ್ಪ. ಆದ್ರೆ ಇಪ್ಪತ್ತೈದು ವರ್ಷಕ್ಕೆ ಒಬ್ಬ ಬಾಯಿ ಬಿಟ್ಟಿದಾನೆ. ನಾನು ಕಿರುಚಿದ್ರೆ ಓಡಿಹೋಗ್ತಾನೆ ಅನ್ನಿಸ್ತು. ಅದಕ್ಕೆ ಇನ್ನೂ ನಿಧಾನವಾಗಿ ಅಳತೆ ತಗೊಂಡೆ. ಎಷ್ಟು ನಿಧಾನ ಅಂದ್ರೆ, ಅಷ್ಟು ಹೊತ್ತಲ್ಲಿ ಒಂದು ಕೋಟು ಹೊಲೀಬಹುದಿತ್ತು."

ಹಾಗೆ ಗುಟ್ಟಾಗಿ ತಿಳಿಸಿದವರ ಹೆಸರು ಕೇಳುವಂತಿಲ್ಲ ಎಂಬ ನಿಯಮ ಕೇಂದ್ರಕ್ಕಿದೆ. ಆದರೂ ಒಬ್ಬ ಅಧಿಕಾರಿ ಯಾರದು ಎಂದು ಕೇಳಿದರಂತೆ. "ಸೊಂಟ ಮೂವತ್ತೆಂಟು. ಅಷ್ಟೇ ಗೊತ್ತು," ಎಂದರಂತೆ ಅಕ್ಕ. ಮೂರನೇ ದಿಬ್ಬ ಅಗೆದ ಎರಡನೇ ದಿನ ಮೊದಲ ಬಟ್ಟೆ ಕಂಡಿತು. ಐವತ್ತೆಂಟು ಮಂದಿಯಲ್ಲಿ ಮೂವತ್ತೊಂದು ಮಂದಿ ಈಗಾಗಲೇ ತಮ್ಮ ತಮ್ಮ ಮನೆಯವರ ಬಳಿಗೆ ಹೋಗಿದ್ದಾರೆ.

ಅವನನ್ನು ಕ್ಷಮಿಸಿದಿರಾ ಎಂದು ಕೇಳಿದೆ. ಇಂಥ ಲೇಖನಗಳಲ್ಲಿ ಕೇಳುವ ಪ್ರಶ್ನೆ. ಅಕ್ಕನಿಗೆ ಅದು ರುಚಿಸಲಿಲ್ಲ.

"ಅದನ್ನ ಐವತ್ತೆಂಟು ಮನೆಗಳಿಗೆ ಹೋಗಿ ಕೇಳು. ನನ್ನೊಬ್ಬಳ ಕೈಲಿದೆಯಾ ಅದು? ಅವನು ಬುಧವಾರ ಬಂದ, ಪ್ಯಾಂಟು ತಗೊಂಡು ಹೋದ. ನನ್ನ ಮುಖ ನೋಡ್ಲಿಲ್ಲ, ನಾನೂ ನೋಡ್ಲಿಲ್ಲ."

"ಎರಡಿಂಚು ಕಡಿಮೆ ಮಾಡಿಕೊಟ್ಟಿರಾ?"

ಅಕ್ಕ ಮೊದಲ ಬಾರಿಗೆ ಕೆಲಸ ನಿಲ್ಲಿಸಿ, ಕೂತಲ್ಲಿಂದ ಪೂರಾ ನನ್ನ ಕಡೆ ತಿರುಗಿದರು.

"ಆ ಪ್ಯಾಂಟು ಉದ್ದಾನೇ ಇರ್ಲಿಲ್ಲ ಕಣೋ. ಸರಿಯಾಗಿ ಕಣಕಾಲಿಗೆ ಕೂತಿತ್ತು. ನೋಡಿದ ತಕ್ಷಣ ಗೊತ್ತಾಯ್ತು ನನಗೆ, ಇವನು ಹೊಲಿಗೆಗೆ ಬಂದಿಲ್ಲ ಅಂತ. ಮಡಿಕೆ ಬಿಚ್ಚಿ, ಅದೇ ಅಳತೆಗೆ ವಾಪಸ್ ಹೊಲಿದು ಕೊಟ್ಟೆ. ಅವನೂ ಏನೂ ಕೇಳ್ಲಿಲ್ಲ."

ಇದನ್ನೆಲ್ಲ ಬರೆಯಬಹುದೇ ಎಂದು ಕೇಳಿದೆ. ಅವನು ಓದಿದರೆ?

"ಓದ್ಲಿ ಅಂತಾನೇ ಹೇಳಿದ್ದು. ಇನ್ನೂ ಮುನ್ನೂರ ನಲವತ್ತೊಂದು ಜನ ಬರೋದಿದೆ. ಯಂತ್ರ ಓಡಿಸಿದೋನು ಒಂದೇ ಕಡೆ ಓಡಿಸಿರ್ತಾನಾ? ಹೀಗಂತ ಬರಿ." ಚೀಲದಿಂದ ಮುಂದಿನ ಹೆಂಟೆಯನ್ನು ಎರಡೂ ಕೈಯಲ್ಲಿ ಎತ್ತಿ ತಟ್ಟೆಯ ಮೇಲಿಡುತ್ತಾ ಅಕ್ಕ ಹೇಳುತ್ತಾರೆ. "ಅವನಿಗೆ ಇನ್ನೊಂದು ಪ್ಯಾಂಟ್ ಇದ್ದೇ ಇರುತ್ತೆ. ಭಾನುವಾರ ಮನೇಲೇ ಇರ್ತೀನಿ, ತಗೊಂಡು ಬರ್ಲಿ. ಉದ್ದ ಇಲ್ದಿದ್ರೂ ಪರವಾಗಿಲ್ಲ."